ಅಮ್ಮನಿಗೆ ಬರೆದುಕೊಟ್ಟಿರುವ ಗಾಂಜಾ ಔಷಧ: ಎಣ್ಣೆಯೋ, ಕ್ಯಾಪ್ಸೂಲೋ, ಆವಿಯೋ?

ಮಿಸ್ಸಿಸಾಗಾ ಮಗಳು
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 68 ವರ್ಷ, ನನ್ನ ಜೊತೆಯಲ್ಲೇ ಇದ್ದಾರೆ. ಸ್ತನ ಕ್ಯಾನ್ಸರ್‌ಗೆ ಕೀಮೋ ನಡೆಯುತ್ತಿದೆ. ವಾಕರಿಕೆಗೆ ಕೊಡುವ ಮಾತ್ರೆಗಳಿಂದ ಪೂರ್ತಿ ಗುಣ ಸಿಗುತ್ತಿಲ್ಲ. ಅದರ ಮೇಲೆ ಅಂಗೈ, ಅಂಗಾಲುಗಳಲ್ಲಿ ಸೂಜಿ ಚುಚ್ಚಿದಂಥ ಉರಿ. ರಾತ್ರಿಯಿಡೀ ನಿದ್ದೆಯಿಲ್ಲ.

ಇಲ್ಲಿ ಕೆನಡಾದಲ್ಲಿ ವೈದ್ಯರು ಗಾಂಜಾ ಔಷಧಕ್ಕೆ ಪತ್ರ ಬರೆದುಕೊಟ್ಟಿದ್ದಾರೆ. ಪತ್ರದಲ್ಲಿ ದಿನಕ್ಕೆ ಇಷ್ಟು ಗ್ರಾಂ ಎಂದಿದೆಯೇ ಹೊರತು ಹೇಗೆ ತೆಗೆದುಕೊಳ್ಳಬೇಕು ಎಂದಿಲ್ಲ. ಮಾರಾಟಗಾರರ ಪಟ್ಟಿ ತೆರೆದರೆ ಎಣ್ಣೆ, ಕ್ಯಾಪ್ಸೂಲ್, ಬಾಯಿಗೆ ಹೊಡೆಯುವ ಸ್ಪ್ರೇ, ಒಣ ಹೂವು, ಮುಲಾಮು, ಹೂವನ್ನು ಬಿಸಿ ಮಾಡುವ ಯಂತ್ರಗಳು ಎಲ್ಲವೂ ಇವೆ. ಫೋನಿನಲ್ಲಿ ಮಾತನಾಡಿದ ಸಹಾಯಕಿ ಐದು ನಿಮಿಷದಲ್ಲಿ ಮೂರು ಬೇರೆ ಬೇರೆ ಸಲಹೆ ಕೊಟ್ಟರು.

ಅಮ್ಮನಿಗೆ ಸ್ವಲ್ಪ ಉಬ್ಬಸವೂ ಇದೆ. ಅವರು ಶಿವಮೊಗ್ಗದ ಕಡೆಯವರು, ಭಂಗಿ ಸೊಪ್ಪಿನ ಹೆಸರು ಕೇಳಿದವರು. ಹೊಗೆ ಎಂದರೆ ಖಂಡಿತ ಒಪ್ಪುವುದಿಲ್ಲ. ಚಳಿಗಾಲದಲ್ಲಿ ಊರಿಗೆ ಹೋಗುವ ಆಸೆಯೂ ಇದೆ. ಅನುಭವ ಇರುವವರು ದಯವಿಟ್ಟು ಹೇಳಿ.

ಕಿಚನರ್ ರಘು
ಆವಿಯ ಯಂತ್ರ ತೆಗೆದುಕೊಳ್ಳಿ ಅಕ್ಕ. ಬೆನ್ನು ನೋವಿಗೆ ನಾನು ಅದನ್ನೇ ಬಳಸುತ್ತೇನೆ. ನಾಲ್ಕು ಉಸಿರು, ಕೆಲವೇ ನಿಮಿಷದಲ್ಲಿ ನೋವು ಇಳಿಯುತ್ತದೆ. ಎಣ್ಣೆ ಕುಡಿದು ಗಂಟೆಗಟ್ಟಲೆ ಕಾಯುವುದರಲ್ಲಿ ಅರ್ಥವಿಲ್ಲ.

ಔಷಧದಂಗಡಿ ಸ್ಟುಟ್‌ಗಾರ್ಟ್
ರಘು ಅವರೇ, ನಿಮ್ಮ ಬೆನ್ನಿಗೆ ಸರಿ ಹೋದದ್ದು ಕೀಮೋದಲ್ಲಿರುವ ಅಜ್ಜಿಗೆ ಸರಿ ಹೋಗಬೇಕೆಂದಿಲ್ಲ. ನಾನು ಜರ್ಮನಿಯಲ್ಲಿ ಔಷಧ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. 2017ರಿಂದ ಇಲ್ಲಿ ವೈದ್ಯರ ಚೀಟಿಯ ಮೇಲೆ ಗಾಂಜಾ ಕೊಡುತ್ತೇವೆ. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಗಾಂಜಾದಲ್ಲಿ ಅಮಲು ತರುವ ಮುಖ್ಯ ವಸ್ತು ಟಿಎಚ್‌ಸಿ. ಉಸಿರಿನ ಮೂಲಕ ಹೋದ ಟಿಎಚ್‌ಸಿ ಶ್ವಾಸಕೋಶದಿಂದ ನೇರವಾಗಿ ರಕ್ತಕ್ಕೆ, ಅಲ್ಲಿಂದ ಮಿದುಳಿಗೆ ಸೇರುತ್ತದೆ. ಪರಿಣಾಮ ನಿಮಿಷಗಳಲ್ಲೇ ಕಾಣಿಸಿಕೊಂಡು ಎರಡರಿಂದ ನಾಲ್ಕು ಗಂಟೆಯೊಳಗೆ ಇಳಿಯುತ್ತದೆ. ನುಂಗಿದರೆ ದಾರಿಯೇ ಬೇರೆ. ಹೊಟ್ಟೆಯಿಂದ ಮೊದಲು ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಹೆಚ್ಚಿನ ಪಾಲು ಒಡೆದುಹೋಗುತ್ತದೆ, ಒಂದು ಪಾಲು 11-ಹೈಡ್ರಾಕ್ಸಿ-ಟಿಎಚ್‌ಸಿ ಆಗಿ ಬದಲಾಗುತ್ತದೆ. ಅದೂ ಮಿದುಳಿನ ಮೇಲೆ ಪ್ರಬಲವಾಗಿ ಕೆಲಸ ಮಾಡುವ ವಸ್ತುವೇ. ಹೀಗಾಗಿ ಪರಿಣಾಮ ಶುರುವಾಗಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು, ಶುರುವಾದ ಮೇಲೆ ಆರೆಂಟು ಗಂಟೆ, ಕೆಲವರಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಇರುತ್ತದೆ.

ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದ್ದು ತೊಂದರೆ ಯಾವ ಹೊತ್ತಿನಲ್ಲಿ ಬರುತ್ತದೆ ಎಂದು. ರಾತ್ರಿಯಿಡೀ ಇರುವ ಪಾದದ ಉರಿಗೆ ನಿಧಾನವಾಗಿ ಬಂದು ಬಹಳ ಹೊತ್ತು ನಿಲ್ಲುವ ಎಣ್ಣೆ ಅಥವಾ ಕ್ಯಾಪ್ಸೂಲ್ ಹೊಂದುತ್ತದೆ. ದಿಢೀರನೆ ನುಗ್ಗುವ ವಾಕರಿಕೆಗೆ ಅದು ತಡ. ನಿಮ್ಮ ತಾಯಿಗೆ ಎರಡೂ ಇವೆ, ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ಯೋಚಿಸಿ.

ವಯಸ್ಸಾದವರಿಗೆ ಸಾಮಾನ್ಯವಾಗಿ ರಾತ್ರಿ ಹೊತ್ತು 2.5 ಮಿಲಿಗ್ರಾಂ ಟಿಎಚ್‌ಸಿ ಅಥವಾ ಅದಕ್ಕಿಂತ ಕಡಿಮೆಯಿಂದ ಆರಂಭಿಸುತ್ತಾರೆ. ಹೆಚ್ಚಿಸುವುದಿದ್ದರೆ ಕೆಲವು ದಿನ ನೋಡಿ, ವೈದ್ಯರಿಗೆ ಹೇಳಿ ಹೆಚ್ಚಿಸಬೇಕು. ಅದೇ ರಾತ್ರಿ ಇನ್ನೊಂದು ಬಾರಿ ಕೊಡಲೇಬೇಡಿ.

ಹಾಸನದ ಹುಡುಗ, ಬ್ರಾಂಪ್ಟನ್
ಕೊನೆಯ ಸಾಲನ್ನು ಎಲ್ಲರೂ ಎರಡು ಬಾರಿ ಓದಬೇಕು. ನಮ್ಮ ಪಕ್ಕದ ಮನೆಯ ಹಿರಿಯರು ಮಂಡಿ ನೋವಿಗೆ ಎಣ್ಣೆ ಕುಡಿದು, ಮುಕ್ಕಾಲು ಗಂಟೆಯಾದರೂ ಏನೂ ಆಗಲಿಲ್ಲವೆಂದು ಇನ್ನೊಮ್ಮೆ ಕುಡಿದರು. ಎರಡೂ ಒಟ್ಟಿಗೆ ಹತ್ತಿದವು. ಎದೆ ಡವಗುಟ್ಟಿ, ಕಾಲು ನಿಲ್ಲದೆ, ಸಾಯುತ್ತಿದ್ದೇನೆಂದು ಕೂಗಿಕೊಂಡರು. ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಬೆಳಗಿನವರೆಗೆ ಮಲಗಿಸಿ ನೋಡಿಕೊಂಡು ಕಳುಹಿಸಿದರು. ಪ್ರಾಣಕ್ಕೇನೂ ಆಗಲಿಲ್ಲ, ಆದರೆ ಆ ಮನುಷ್ಯ ಆಮೇಲೆ ಆ ಬಾಟಲಿಯನ್ನು ಮುಟ್ಟಲಿಲ್ಲ.

ಕಲ್ಯಾಣದ ಶರಣಪ್ಪ
ಇಷ್ಟೊಂದು ಯಂತ್ರ, ಮಾಪನ ಯಾಕೆಂದು ನನಗೆ ತಿಳಿಯುವುದಿಲ್ಲ. ನಮ್ಮ ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಗೆ ಬಂದು ನೋಡಿ. ಗಾಂಜಾವನ್ನು ಪ್ರಸಾದವೆಂದು ಸ್ವೀಕರಿಸುತ್ತಾರೆ. ಶರಣರು, ಅವಧೂತರು ತಲೆಮಾರುಗಳಿಂದ ಚಿಲುಮೆಯಲ್ಲಿ ಸೇದುತ್ತಾ ಬಂದಿದ್ದಾರೆ, ಧ್ಯಾನಕ್ಕೆಂದು. ಅವರಿಗೆ ಯಾವ ರೋಗ ಬಂದಿದೆ?

ನೋವಿನ ವೈದ್ಯೆ, ಬೆಂಗಳೂರು
ಶರಣಪ್ಪನವರೇ, ನಿಮ್ಮ ಪರಂಪರೆಯ ಬಗ್ಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ: ಇಲ್ಲಿ ಮಾತು ಕೀಮೋ ರೋಗಿಯದು. ಕೀಮೋದಿಂದ ಬಿಳಿ ರಕ್ತಕಣಗಳು ಇಳಿದಿರುತ್ತವೆ. ಒಣಗಿದ ಸೊಪ್ಪು, ಹೂವಿನಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟಿನ ಬೀಜಾಣುಗಳಿರಬಹುದು. ಆರೋಗ್ಯವಂತರ ದೇಹ ಅದನ್ನು ಹೊರಹಾಕುತ್ತದೆ. ಪ್ರತಿರೋಧ ಶಕ್ತಿ ಕುಂದಿದವರಲ್ಲಿ ಅದು ಶ್ವಾಸಕೋಶದ ಸೋಂಕಾಗಿ ಪ್ರಾಣ ತೆಗೆಯಬಲ್ಲದು. ಸುಟ್ಟರೆ ಸಾಯುತ್ತದೆ ಎಂದು ನಂಬಬೇಡಿ. ಚಿಲುಮೆಯ ತುದಿಯಲ್ಲಿ ಬೆಂಕಿ ಇದ್ದರೂ ಉಸಿರಿನೊಂದಿಗೆ ಒಳಗೆ ಹೋಗುವುದೆಲ್ಲ ಆ ಬೆಂಕಿಯನ್ನು ಹಾಯ್ದು ಬಂದಿರುವುದಿಲ್ಲ. ಸುಟ್ಟ ಹೊಗೆಯಲ್ಲಿ ತಂಬಾಕಿನ ಹೊಗೆಯಂತೆಯೇ ಟಾರ್, ಇಂಗಾಲದ ಮಾನಾಕ್ಸೈಡ್ ಇರುತ್ತವೆ. ಉಬ್ಬಸ ಇರುವವರಿಗೆ ಇದು ಬೇಡವೇ ಬೇಡ.

ಕಲ್ಯಾಣದ ಶರಣಪ್ಪ
ಬೂಷ್ಟಿನ ವಿಷಯ ನನಗೆ ಗೊತ್ತಿರಲಿಲ್ಲ ಡಾಕ್ಟರೇ. ಆ ತಾಯಿಗೆ ಹೊಗೆ ಬೇಡ, ಒಪ್ಪಿದೆ. ಆದರೆ ನಮ್ಮವರನ್ನು ಕುಡುಕರ ಸಾಲಿಗೆ ಸೇರಿಸುವುದನ್ನು ಮಾತ್ರ ಒಪ್ಪುವುದಿಲ್ಲ.

ನೋವಿನ ವೈದ್ಯೆ, ಬೆಂಗಳೂರು
ಇಲ್ಲಿ ಯಾರೂ ಸೇರಿಸಿಲ್ಲ.

ಔಷಧದಂಗಡಿ ಸ್ಟುಟ್‌ಗಾರ್ಟ್
ಬೂಷ್ಟಿನ ವಿಷಯಕ್ಕೆ ಒಂದು ಸೇರ್ಪಡೆ. ಇದೇ ಕಾರಣಕ್ಕೆ ನೆದರ್ಲೆಂಡ್ಸ್‌ನಿಂದ ಬರುವ ಔಷಧ ದರ್ಜೆಯ ಹೂವನ್ನು ಗಾಮಾ ಕಿರಣ ಹಾಯಿಸಿ ಡಬ್ಬಿಗೆ ತುಂಬುತ್ತಾರೆ. ಕೆನಡಾದ ಹಲವು ಬೆಳೆಗಾರರೂ ಕಿರಣ ಹಾಯಿಸುತ್ತಾರೆ. ಹೂವನ್ನು ಆವಿ ಮಾಡಿ ಎಳೆಯುವ ಕೀಮೋ ರೋಗಿ ಯಾರೇ ಇರಲಿ, ಕಿರಣ ಹಾಯಿಸಿದೆಯೇ ಎಂದು ಕೇಳಿಯೇ ತೆಗೆದುಕೊಳ್ಳಬೇಕು.

ಮಿಸ್ಸಿಸಾಗಾ ಮಗಳು
ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಕೇಳಿ ಎದೆ ನಡುಗಿತು. ಹಾಗಾದರೆ ಹೂವು ಬಿಟ್ಟೆವು. ಎಣ್ಣೆಗೆ ಬಂದರೆ, ಬಾಟಲಿಯ ಮೇಲೆ 1 ಮಿ.ಲೀ.ಗೆ 20 ಮಿಲಿಗ್ರಾಂ ಟಿಎಚ್‌ಸಿ ಎಂದಿದೆ. ಹನಿ ಲೆಕ್ಕ ಹಾಕಬೇಕೋ, ಸಿರಿಂಜ್ ಬಳಸಬೇಕೋ?

ದಾವಣಗೆರೆ ನರ್ಸ್, ಹ್ಯಾಮಿಲ್ಟನ್
ಸಿರಿಂಜ್. ಬೇರೆ ಮಾತೇ ಇಲ್ಲ. ಹನಿಯ ಗಾತ್ರ ಡ್ರಾಪರ್‌ನಿಂದ ಡ್ರಾಪರ್‌ಗೆ ಬದಲಾಗುತ್ತದೆ, ಎಣ್ಣೆ ತಣ್ಣಗಿದ್ದರೆ ಒಂದು ಥರ, ಬೆಚ್ಚಗಿದ್ದರೆ ಇನ್ನೊಂದು ಥರ. ಸೂಜಿಯಿಲ್ಲದ 1 ಮಿ.ಲೀ.ಯ ಬಾಯಿ ಸಿರಿಂಜ್ ಯಾವ ಔಷಧ ಅಂಗಡಿಯಲ್ಲೂ ಸಿಗುತ್ತದೆ, ಎಷ್ಟೋ ಬಾಟಲಿಗಳ ಜೊತೆಯಲ್ಲೇ ಬರುತ್ತದೆ. ನಿಮ್ಮ ಎಣ್ಣೆಯಲ್ಲಿ 0.1 ಮಿ.ಲೀ. ಎಂದರೆ 2 ಮಿಲಿಗ್ರಾಂ. ಸಿರಿಂಜಿನ ಮೇಲೆ ಆ ಗೆರೆಗೆ ಬಣ್ಣದ ಟೇಪ್ ಅಂಟಿಸಿ. ರಾತ್ರಿ ಕನ್ನಡಕವಿಲ್ಲದೆ ಗೆರೆ ಓದುವಾಗಲೇ 0.1 ಎನ್ನುವುದು 1 ಆಗುವುದು. ಅದು ಹತ್ತು ಪಟ್ಟು!

ತೆಗೆದ ತಕ್ಷಣ ಪುಸ್ತಕದಲ್ಲಿ ಬರೆದಿಡಿ: ಎಷ್ಟು ಗಂಟೆಗೆ, ಎಷ್ಟು ಕೊಟ್ಟೆ, ಊಟ ಆಗಿತ್ತೇ, ನಿದ್ದೆ ಹೇಗಿತ್ತು. ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಇದಕ್ಕಿಂತ ಉಪಯೋಗದ ಕಾಗದ ಬೇರೆ ಇಲ್ಲ.

ಕಿಚನರ್ ರಘು
ನಾಲಿಗೆಯ ಕೆಳಗೆ ಇಟ್ಟುಕೊಂಡರೆ ಎಣ್ಣೆಯೂ ಬೇಗ ಹತ್ತುತ್ತದೆ, ಯಕೃತ್ತಿಗೆ ಹೋಗುವುದೇ ಇಲ್ಲ ಎನ್ನುತ್ತಾರಲ್ಲ?

ಔಷಧದಂಗಡಿ ಸ್ಟುಟ್‌ಗಾರ್ಟ್
ಎಲ್ಲರೂ ಹೇಳುತ್ತಾರೆ, ಆದರೆ ಪೂರ್ತಿ ನಿಜವಲ್ಲ. ಬಾಯಿಯ ಒಳಪದರದ ಮೂಲಕ ಎಣ್ಣೆ ಸುಲಭವಾಗಿ ಹೀರಲ್ಪಡುವುದಿಲ್ಲ. ಬಹುಪಾಲು ಜೊಲ್ಲಿನೊಂದಿಗೆ ಗಂಟಲಿಗೆ ಇಳಿದುಹೋಗುತ್ತದೆ. ಆದ್ದರಿಂದ ನಾಲಿಗೆಯ ಕೆಳಗೆ ಹಿಡಿದರೂ ಕಾಯುವ ಲೆಕ್ಕವನ್ನು ನುಂಗಿದ್ದಕ್ಕೆ ಇಟ್ಟಂತೆಯೇ ಇಡಿ. ಬಾಯಿಯಲ್ಲೇ ಹೀರಲೆಂದು ತಯಾರಿಸಿದ ಸಾಟಿವೆಕ್ಸ್ ಸ್ಪ್ರೇ ಇದೆ, ಅದಕ್ಕೆ ಎಣ್ಣೆಯ ಬದಲು ಆಲ್ಕೊಹಾಲ್ ಮತ್ತು ಪ್ರೊಪಿಲೀನ್ ಗ್ಲೈಕಾಲ್ ಬಳಸುತ್ತಾರೆ. ಅದರಲ್ಲೂ ಒಂದು ಪಾಲು ಹೊಟ್ಟೆಗೆ ಹೋಗಿಯೇ ಹೋಗುತ್ತದೆ.

ಲೀಡ್ಸ್ ಲಕ್ಷ್ಮಿ
ಆ ಸ್ಪ್ರೇ ಬಳಸುವವಳು ನಾನು. ನರಮಂಡಲದ ಕಾಯಿಲೆಯಾದ ಮಲ್ಟಿಪಲ್ ಸ್ಕ್ಲೆರೋಸಿಸ್‌ನಿಂದ ಕಾಲುಗಳು ಮರದಂತೆ ಸೆಟೆದುಕೊಳ್ಳುತ್ತವೆ. ಒಂದು ಸಿಂಪಡಣೆಯಲ್ಲಿ 2.7 ಮಿಲಿಗ್ರಾಂ ಟಿಎಚ್‌ಸಿ, 2.5 ಮಿಲಿಗ್ರಾಂ ಸಿಬಿಡಿ (ಗಾಂಜಾದಲ್ಲೇ ಇರುವ, ಅಮಲು ತರದ ವಸ್ತು) ಇರುತ್ತದೆ. ರಾತ್ರಿ ಒಂದರಿಂದ ಶುರು ಮಾಡಿ ದಿನಗಳು ಕಳೆದಂತೆ ಒಂದೊಂದೇ ಹೆಚ್ಚಿಸಲು ಹೇಳಿದ್ದರು. ಎರಡು ಸಿಂಪಡಣೆಗಳ ನಡುವೆ ಕನಿಷ್ಠ 15 ನಿಮಿಷದ ಅಂತರ, ದಿನಕ್ಕೆ 12 ಮೀರುವಂತಿಲ್ಲ. ಇದರಿಂದ ನನ್ನ ಕಾಯಿಲೆ ಹೋಗಿಲ್ಲ. ಆದರೆ ರಾತ್ರಿ ಮಗ್ಗುಲಾಗಲು ಗಂಡನನ್ನು ಎಬ್ಬಿಸುವುದು ತಪ್ಪಿದೆ. ಅದೆಷ್ಟು ದೊಡ್ಡದು ಎಂಬುದು ಅನುಭವಿಸಿದವರಿಗೇ ಗೊತ್ತು.

ಆದರೆ ಮಿಸ್ಸಿಸಾಗಾ ಅಕ್ಕ, ಕೀಮೋದಲ್ಲಿ ಬಾಯಿ ಹುಣ್ಣಾಗುತ್ತದಲ್ಲವೇ? ಈ ಸ್ಪ್ರೇ ಬಾಯಿಯನ್ನು ಉರಿಸುತ್ತದೆ. ಒಂದೇ ಜಾಗಕ್ಕೆ ಹೊಡೆದರೆ ಹುಣ್ಣೇ ಏಳುತ್ತದೆ. ನಾನು ದಿನವೂ ಕೆನ್ನೆಯ ಬದಿ ಬದಲಿಸುತ್ತೇನೆ. ಅಮ್ಮನಿಗೆ ಬಾಯಿ ಹುಣ್ಣಿದ್ದರೆ ಇದನ್ನು ಬಿಟ್ಟುಬಿಡಿ.

ಮಿಸ್ಸಿಸಾಗಾ ಮಗಳು
ಹುಣ್ಣು ಇದೆ ಲಕ್ಷ್ಮಿಯವರೇ. ಉಪ್ಪು ನೀರು ಮುಕ್ಕಳಿಸಲೂ ಅಳುತ್ತಾರೆ.

ಲೀಡ್ಸ್ ಲಕ್ಷ್ಮಿ
ಹಾಗಾದರೆ ಬೇಡ ಅಕ್ಕ. ಇನ್ನೊಂದು ಮಾತು. ಇಲ್ಲಿ ಬ್ರಿಟನ್ನಿನಲ್ಲಿ 2018ರ ನವೆಂಬರ್ 1ರಿಂದ ತಜ್ಞ ವೈದ್ಯರು ಗಾಂಜಾ ಬರೆದುಕೊಡಬಹುದು. ಆದರೆ ಚೀಟಿ ಇದ್ದರೂ ಸೇದುವುದನ್ನು ಕಾನೂನೇ ನಿಷೇಧಿಸಿದೆ. ಆವಿ ಮಾಡಿ ಎಳೆಯಬಹುದು, ಸುಡುವಂತಿಲ್ಲ.

ಮಂಡ್ಯ ಟು ಮ್ಯೂನಿಕ್
ಆವಿ ಯಂತ್ರವನ್ನು ಎಲ್ಲರೂ ಸೇರಿ ಮೂಲೆಗೆ ತಳ್ಳುತ್ತಿದ್ದೀರಿ, ಅದು ಅನ್ಯಾಯ. ಒಂದು ಪ್ರಶ್ನೆಗೆ ಉತ್ತರ ಕೊಡಿ: ವಾಂತಿ ಮಾಡಿಕೊಳ್ಳುತ್ತಿರುವ ರೋಗಿ ಕ್ಯಾಪ್ಸೂಲ್ ನುಂಗುವುದು ಹೇಗೆ? ನುಂಗಿದರೂ ಹತ್ತು ನಿಮಿಷದಲ್ಲಿ ಹೊರಗೆ ಬಂದರೆ ಎಷ್ಟು ಒಳಗೆ ಉಳಿಯಿತು, ಎಷ್ಟು ಹೋಯಿತು ಎಂದು ಯಾರು ಹೇಳುತ್ತಾರೆ? ಆವಿಗೆ ಈ ತಾಪತ್ರಯವಿಲ್ಲ. ಒಂದು ಉಸಿರು ಎಳೆದು ಕೆಲವು ನಿಮಿಷ ಕಾಯಬಹುದು, ಸಾಕೆನಿಸಿದರೆ ಅಲ್ಲಿಗೇ ನಿಲ್ಲಿಸಬಹುದು. ನುಂಗಿದ ಮೇಲೆ ನಿಲ್ಲಿಸುವುದು ಸಾಧ್ಯವೇ?

ಅಸಲಿ ವೈದ್ಯಕೀಯ ಯಂತ್ರಗಳು ಆಟಿಕೆಗಳಲ್ಲ. ಜರ್ಮನಿಯ ಟುಟ್ಲಿಂಗನ್ ಊರು ಶಸ್ತ್ರಚಿಕಿತ್ಸೆಯ ಉಪಕರಣಗಳಿಗೆ ಜಗತ್ತಿನಲ್ಲೇ ಹೆಸರುವಾಸಿ. ವೊಲ್ಕಾನೊ ಮೆಡಿಕ್, ಮೈಟಿ ಮೆಡಿಕ್ ಎರಡೂ ಅಲ್ಲಿಯವೇ, ವೈದ್ಯಕೀಯ ಸಾಧನವೆಂದು ಅನುಮತಿ ಪಡೆದವು. ವೊಲ್ಕಾನೊ ಮೇಜಿನ ಮೇಲೆ ಕೂರುತ್ತದೆ. ಆವಿಯನ್ನು ಒಂದು ಚೀಲಕ್ಕೆ ತುಂಬಿ ಕೊಡುವುದರಿಂದ ಜೋರಾಗಿ ಎಳೆಯಲು ಶಕ್ತಿಯಿಲ್ಲದವರೂ ನಿಧಾನವಾಗಿ ಉಸಿರಾಡಬಹುದು. ಮೈಟಿ ಬ್ಯಾಟರಿಯದು, ಕೈಯಲ್ಲಿ ಹಿಡಿಯುವಂಥದು. ಎರಡಕ್ಕೂ ಹೂವನ್ನು ತೂಗಿ ತುಂಬಿಡುವ ಪುಟ್ಟ ಡಬ್ಬಿಗಳಿವೆ. ಮನೆಯವರು ಮೊದಲೇ ತೂಗಿ ಇಟ್ಟರೆ ರೋಗಿ ಒಂದೊಂದು ತೆಗೆದು ಹಾಕಿಕೊಂಡರಾಯಿತು. ಶಾಖವನ್ನು 180 ಡಿಗ್ರಿ ಆಸುಪಾಸಿನಲ್ಲಿ ಇಟ್ಟರೆ ಸೊಪ್ಪು ಸುಡುವುದಿಲ್ಲ, ಬೇಕಾದ ವಸ್ತು ಮಾತ್ರ ಆವಿಯಾಗುತ್ತದೆ.

ಔಷಧದಂಗಡಿ ಸ್ಟುಟ್‌ಗಾರ್ಟ್
ವಾಂತಿಯ ವಾದ ಬಲವಾದದ್ದು, ನಾನೂ ಒಪ್ಪುತ್ತೇನೆ. ಉಬ್ಬಸವಿಲ್ಲದ, ರಕ್ತಕಣಗಳು ಚೆನ್ನಾಗಿರುವ ರೋಗಿಯಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಈ ತಾಯಿಗೆ ಎರಡೂ ಅನುಕೂಲ ಇಲ್ಲ.

ಮಂಡ್ಯ ಟು ಮ್ಯೂನಿಕ್
ಅವರಿಗೆ ಬೇಡವೆಂದರೆ ಸರಿ. ಎಲ್ಲರಿಗೂ ಬೇಡವೆನ್ನಬೇಡಿ.

ಸ್ಯಾನ್ ಹೋಸೆ ಸುಧೀಂದ್ರ
ಹೂವಿನ ಯಂತ್ರ ಬೇರೆ, ಎಣ್ಣೆ ತುಂಬಿ, ಬಿಸಿ ಮಾಡಿ ಸೇದುವ ಪೆನ್ ಬೇರೆ. ಓದುಗರು ಎರಡನ್ನೂ ಒಂದೇ ಎಂದುಕೊಳ್ಳದಿರಲಿ. 2019ರಲ್ಲಿ ಅಮೆರಿಕದಲ್ಲಿ ಪೆನ್ ಸೇದಿದವರ ಶ್ವಾಸಕೋಶಗಳು ಸಾಲುಸಾಲಾಗಿ ಕೆಟ್ಟವು. 2020ರ ಫೆಬ್ರವರಿಯ ಹೊತ್ತಿಗೆ 2,807 ಮಂದಿ ಆಸ್ಪತ್ರೆ ಸೇರಿದ್ದರು ಅಥವಾ ತೀರಿಕೊಂಡಿದ್ದರು, ಅವರಲ್ಲಿ ಸತ್ತವರು 68. ಕಳ್ಳ ಮಾರುಕಟ್ಟೆಯ ಟಿಎಚ್‌ಸಿ ಎಣ್ಣೆಯನ್ನು ದಪ್ಪಗಾಗಿಸಲು ಬೆರೆಸಿದ ವಿಟಮಿನ್ ಇ ಅಸಿಟೇಟ್ ಮುಖ್ಯ ಕಾರಣವೆಂದು ಗೊತ್ತಾಯಿತು. ಚರ್ಮಕ್ಕೆ ಹಚ್ಚುವ ಕ್ರೀಮಿನಲ್ಲಿ ಏನೂ ಮಾಡದ ವಸ್ತು ಶ್ವಾಸಕೋಶಕ್ಕೆ ಹೋಗಿ ಜೀವ ತೆಗೆಯಿತು. ಗೆಳೆಯ ಕೊಟ್ಟ, ಬಸ್ ನಿಲ್ದಾಣದ ಹತ್ತಿರ ಸಿಕ್ಕಿತು ಎಂಬ ಪೆನ್ ಯಾರೂ ಮುಟ್ಟಬೇಡಿ.

ನ್ಯೂಜೆರ್ಸಿ ಅಪ್ಪ
ನಾನು ಬರೆಯುವುದು ಸ್ವಲ್ಪ ಬೇರೆ ವಿಷಯ. ನನ್ನ ಮಗಳಿಗೆ ಡ್ರಾವೆಟ್ ಸಿಂಡ್ರೋಮ್, ಅಂದರೆ ಮಾಮೂಲಿ ಔಷಧಕ್ಕೆ ಬಗ್ಗದ ಮೂರ್ಛೆರೋಗ. ಅವಳಿಗೆ ಎಪಿಡಿಯೊಲೆಕ್ಸ್ ಕೊಡುತ್ತೇವೆ. ಗಾಂಜಾ ಗಿಡದಿಂದ ಶುದ್ಧಗೊಳಿಸಿದ ಸಿಬಿಡಿ, 1 ಮಿ.ಲೀ.ಗೆ 100 ಮಿಲಿಗ್ರಾಂ. 2018ರ ಜೂನ್‌ನಲ್ಲಿ ಅಮೆರಿಕದ ಔಷಧ ಇಲಾಖೆಯ ಅನುಮತಿ ಸಿಕ್ಕಿತು. ಮಗುವಿನ ತೂಕ ನೋಡಿ ಲೆಕ್ಕ: ಆರಂಭದಲ್ಲಿ ಕಿಲೋಗೆ 2.5 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ. ಆಮೇಲೆ ವೈದ್ಯರು ಏರಿಸುತ್ತಾರೆ.

ವಿಧಾನದ ಬಗ್ಗೆ ನಾವು ಕಲಿತ ದೊಡ್ಡ ಪಾಠ ಊಟದ್ದು. ಬರಿ ಹೊಟ್ಟೆಯಲ್ಲಿ ಕೊಟ್ಟರೆ ಹೀರಿಕೊಳ್ಳುವುದು ಬಹಳ ಕಡಿಮೆ, ಕೊಬ್ಬಿನ ಊಟದ ಜೊತೆ ಕೊಟ್ಟರೆ ಹಲವು ಪಟ್ಟು ಹೆಚ್ಚು. ಒಂದು ದಿನ ಗಂಜಿ, ಮರುದಿನ ಹೋಳಿಗೆ ತುಪ್ಪ ತಿನ್ನಿಸಿದರೆ ಅದೇ ಸಿರಿಂಜ್ ಎರಡು ಬೇರೆ ಬೇರೆ ಡೋಸ್ ಕೊಟ್ಟ ಹಾಗೆ. ಹಾಗಾಗಿ ದಿನವೂ ಒಂದೇ ರೀತಿಯ ಊಟ, ಒಂದೇ ಹೊತ್ತು. ಕಾಲಕಾಲಕ್ಕೆ ಯಕೃತ್ತಿನ ರಕ್ತಪರೀಕ್ಷೆ ಕಡ್ಡಾಯ. ಅವಳಿಗೆ ಕೊಡುತ್ತಿದ್ದ ಕ್ಲೋಬಜಾಮ್ ಎಂಬ ಇನ್ನೊಂದು ಮೂರ್ಛೆ ಔಷಧದ ಜೊತೆ ಸೇರಿ ನಿದ್ದೆ ಜಾಸ್ತಿಯಾದಾಗ ವೈದ್ಯರು ಅದರ ಪ್ರಮಾಣ ಇಳಿಸಿದರು.

ಊರಿನ ನೆಂಟರು "ಪೆಟ್ರೋಲ್ ಬಂಕಿನಲ್ಲೂ ಸಿಬಿಡಿ ಸಿಗುತ್ತದಂತೆ, ಅಗ್ಗವಂತೆ" ಎಂದು ಲಿಂಕ್ ಕಳುಹಿಸುತ್ತಾರೆ. ಅಂಥ ಬಾಟಲಿಯೊಳಗೆ ಬರೆದಷ್ಟು ಇದೆಯೋ ಇಲ್ಲವೋ ಎಂಬ ಖಾತ್ರಿಯಿಲ್ಲ. ಮಗುವಿನ ಮೂರ್ಛೆಯನ್ನು ಅದರ ಮೇಲೆ ಪಣಕ್ಕಿಡಲು ನನ್ನಿಂದಾಗದು.

ದಾವಣಗೆರೆ ನರ್ಸ್, ಹ್ಯಾಮಿಲ್ಟನ್
ಊಟದ ಮಾತು ದೊಡ್ಡವರ ಎಣ್ಣೆಗೂ ಅನ್ವಯಿಸುತ್ತದೆ ಅಪ್ಪಾಜಿ. ಮಗಳು ಚೆನ್ನಾಗಿರಲಿ.

ಮೈಸೂರು ವೈದ್ಯರತ್ನ
ಆಯುರ್ವೇದದವನಾಗಿ ಹೇಳುತ್ತೇನೆ. ಕೊಬ್ಬಿನ ಸಂಗತಿ ಈಗ ಪಾಶ್ಚಾತ್ಯರು ಕಂಡುಹಿಡಿದದ್ದೇನೂ ಅಲ್ಲ. ಭಂಗಾ ಎಲೆಯನ್ನು ಬಟ್ಟೆಯಲ್ಲಿ ಕಟ್ಟಿ ಹಸುವಿನ ಹಾಲಿನಲ್ಲಿ ಬೇಯಿಸಿ, ತೊಳೆದು ಒಣಗಿಸಿ, ತುಪ್ಪದಲ್ಲಿ ಹುರಿಯುವ ಶೋಧನ ವಿಧಿ ನಮ್ಮಲ್ಲಿದೆ. ಜಾತೀಫಲಾದಿ ಚೂರ್ಣವನ್ನು ಗ್ರಹಣಿ ರೋಗಕ್ಕೆ ಇಂದಿಗೂ ಕೊಡುತ್ತೇವೆ, ಅದರಲ್ಲಿ ಭಂಗಾ ಇದೆ. ಔಷಧ ನಿಯಮಗಳ ಇ-1 ಅನುಸೂಚಿಯಲ್ಲಿ ಇದನ್ನು ವಿಷದ್ರವ್ಯವೆಂದು ಸೇರಿಸಿರುವುದರಿಂದ ವೈದ್ಯರ ಮೇಲ್ವಿಚಾರಣೆಯಲ್ಲೇ ತೆಗೆದುಕೊಳ್ಳಬೇಕೆಂದು ಡಬ್ಬಿಯ ಮೇಲೆ ಬರೆದಿರಬೇಕು. ಮನೆಯಲ್ಲಿ ಯಾರೂ ಮಾಡಿಕೊಳ್ಳಬಾರದು.

ಕಿಚನರ್ ರಘು
ಇಲ್ಲಿ ಮನೆಯಲ್ಲೇ ಮಾಡಿಕೊಳ್ಳುವವರು ತುಂಬ ಜನ. ಹೂವನ್ನು ಓವನ್‌ನಲ್ಲಿ ಬಿಸಿ ಮಾಡಿ ಬೆಣ್ಣೆಗೆ ಹಾಕುತ್ತಾರೆ. ಹಸಿ ಸೊಪ್ಪಿನಲ್ಲಿರುವುದು ಟಿಎಚ್‌ಸಿ ಆಮ್ಲ, ಶಾಖ ತಾಗಿದರೆ ಮಾತ್ರ ಅದು ಟಿಎಚ್‌ಸಿ ಆಗುತ್ತದೆ, ಅದಕ್ಕೇ ಓವನ್.

ಔಷಧದಂಗಡಿ ಸ್ಟುಟ್‌ಗಾರ್ಟ್
ರಸಾಯನ ಸರಿ. ಆದರೆ ಆ ಬೆಣ್ಣೆಯ ಒಂದು ಚಮಚದಲ್ಲಿ ಎಷ್ಟು ಮಿಲಿಗ್ರಾಂ ಎಂದು ಕೇಳಿದರೆ ಮಾಡಿದವರಿಗೂ ತಿಳಿಯದು. ಬಿಸ್ಕತ್ತಿನ ಒಂದು ಮೂಲೆಯಲ್ಲಿ ಎಲ್ಲ ಸೇರಿಕೊಂಡು ಇನ್ನೊಂದು ಮೂಲೆ ಖಾಲಿ ಇರಬಹುದು. ರೋಗಿಗೆ ಇದು ನಡೆಯದು.

ಕಲಬುರಗಿ ಇತಿಹಾಸ ಮೇಷ್ಟ್ರು
ವೈದ್ಯರತ್ನರ ಮಾತಿಗೆ ಪೂರಕವಾಗಿ: 1839ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಓಷಾನಸಿ ಎಂಬ ಐರಿಷ್ ವೈದ್ಯ ಇಲ್ಲಿನ ಬಳಕೆಯನ್ನು ನೋಡಿ, ಗಾಂಜಾವನ್ನು ಸಾರಾಯದಲ್ಲಿ ಕರಗಿಸಿ, ಧನುರ್ವಾಯು ಮತ್ತು ಮಕ್ಕಳ ಸೆಳೆತಕ್ಕೆ ಕೊಟ್ಟು ವರದಿ ಬರೆದ. ಯುರೋಪಿನ ಔಷಧ ಅಂಗಡಿಗಳಿಗೆ ಗಾಂಜಾ ಟಿಂಕ್ಚರ್ ಹೋದದ್ದು ಆಮೇಲೆ. ಟಿಎಚ್‌ಸಿಯನ್ನು ಬೇರ್ಪಡಿಸಿ ಅದರ ರಚನೆ ತಿಳಿಸಿದ್ದು ಇಸ್ರೇಲಿನ ರಾಫೇಲ್ ಮೆಶೂಲಂ, 1964ರಲ್ಲಿ. ನ್ಯೂಜೆರ್ಸಿಯವರ ಮಗಳಿಗೆ ಇವತ್ತು ಸಿಕ್ಕಿರುವ ಔಷಧದ ಹಿಂದೆ ಕಲ್ಕತ್ತೆಯ ಆ ಮಕ್ಕಳ ಸೆಳೆತವೂ ಇದೆ ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ.

ಹಾಸನದ ಹುಡುಗ, ಬ್ರಾಂಪ್ಟನ್
ಮೇಷ್ಟ್ರೇ, ಇದನ್ನು ಬೇರೆ ಚರ್ಚೆಯಾಗಿ ಹಾಕಿ. ಬರೆದರೆ ಓದುತ್ತೇವೆ.

ನೋವಿನ ವೈದ್ಯೆ, ಬೆಂಗಳೂರು
ಮತ್ತೆ ರೋಗಿಯ ಹತ್ತಿರ ಬರೋಣ. ಮಿಸ್ಸಿಸಾಗಾ ಅವರೇ, ಈ ವಿಷಯಗಳನ್ನು ಕ್ಯಾನ್ಸರ್ ವೈದ್ಯರ ಮುಂದೆ ಇಡಿ.

ಅಮ್ಮ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ ಕೊಡಿ. ಸಿಬಿಡಿ ಯಕೃತ್ತಿನ ಕೆಲವು ಕಿಣ್ವಗಳನ್ನು ನಿಧಾನಗೊಳಿಸುತ್ತದೆ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಔಷಧ ಇದ್ದರೆ ಅದರ ಮಟ್ಟ ಏರಬಹುದು. ಹೃದಯದ ತೊಂದರೆ, ಹಿಂದೆ ಮನೋರೋಗದ ಇತಿಹಾಸ ಇದ್ದರೆ ಮುಚ್ಚಿಡದೆ ಹೇಳಿ. ಕೀಮೋ ವಾಕರಿಕೆಗೆ ನಬಿಲೋನ್ ಎಂಬ ಕ್ಯಾಪ್ಸೂಲ್ ಇದೆ, ಟಿಎಚ್‌ಸಿಯನ್ನು ಹೋಲುವ, ಪ್ರಯೋಗಾಲಯದಲ್ಲಿ ತಯಾರಾದ ವಸ್ತು. ಕೆನಡಾದಲ್ಲಿ ಮಾಮೂಲಿ ಔಷಧ ಅಂಗಡಿಯಲ್ಲೇ ಚೀಟಿ ತೋರಿಸಿದರೆ ಸಿಗುತ್ತದೆ, ಪ್ರಮಾಣ ಖಚಿತ, ಬೂಷ್ಟಿನ ಭಯವಿಲ್ಲ. ಅದನ್ನೇ ಮೊದಲು ಕೇಳಿ ನೋಡಬಾರದೇಕೆ? ವಾಕರಿಕೆಗೆ ಈ ಗುಂಪಿನ ಔಷಧಗಳ ಪುರಾವೆ ಸಾಕಷ್ಟಿದೆ. ನರದ ಉರಿಗೆ ಅಷ್ಟು ಗಟ್ಟಿಯಾದ ಪುರಾವೆ ಇಲ್ಲ, ಕೆಲವರಿಗೆ ಗುಣ ಕೊಡುತ್ತದೆ. ಹಾಗಾಗಿ ಕೊಟ್ಟು ನೋಡಿ, ಫಲವಿಲ್ಲದಿದ್ದರೆ ನಿಲ್ಲಿಸಿ.

ಇನ್ನೊಂದು, ಬೀಳುವ ಅಪಾಯ. ಟಿಎಚ್‌ಸಿ ತೆಗೆದುಕೊಂಡವರು ಎದ್ದು ನಿಂತಾಗ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ. ಅಂಗಾಲಿನ ಸ್ಪರ್ಶ ಮೊದಲೇ ಕುಂದಿರುವ ನಿಮ್ಮ ತಾಯಿ ರಾತ್ರಿ ಶೌಚಕ್ಕೆ ಏಳುವಾಗ ಸೊಂಟ ಮುರಿದುಕೊಳ್ಳಬಹುದು. ಹಾಸಿಗೆಯ ಪಕ್ಕ ದೀಪ, ಹಿಡಿದುಕೊಳ್ಳಲು ಕಂಬಿ ಇರಲಿ, ಮೊದಲ ರಾತ್ರಿಗಳಲ್ಲಿ ನೀವೇ ಪಕ್ಕದಲ್ಲಿ ಮಲಗಿ.

ತುಮಕೂರು ತಾಯಿ
ಮುಲಾಮಿನ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಅಕ್ಕ ಕೈಗೆ ಹಚ್ಚುತ್ತಾಳೆ, ಹಾಯೆನಿಸುತ್ತದೆ ಎನ್ನುತ್ತಾಳೆ. ಅಮಲು ಏರುತ್ತದೆಯೇ?

ನೋವಿನ ವೈದ್ಯೆ, ಬೆಂಗಳೂರು
ಮಾಮೂಲಿ ಮುಲಾಮು ಚರ್ಮದ ಆಚೆ ರಕ್ತಕ್ಕೆ ಹೋಗುವುದು ಅತ್ಯಲ್ಪ, ಅಮಲು ಬರುವುದಿಲ್ಲ. ಅದೇ ಕಾರಣಕ್ಕೆ ಆಳದ ನೋವಿಗೆ ಹೆಚ್ಚು ಪ್ರಯೋಜನವನ್ನೂ ನಿರೀಕ್ಷಿಸಬೇಡಿ. ತಿಕ್ಕುವ ಕೈಯಿಂದ ಬರುವ ಸಮಾಧಾನವೂ ಸಣ್ಣದಲ್ಲ, ಹಚ್ಚಲಿ. ಕೀಮೋದಿಂದ ಚರ್ಮ ಬಿರುಕು ಬಿಟ್ಟಿದ್ದರೆ ಮಾತ್ರ ಬೇಡ.

ಧಾರವಾಡ ವಕೀಲ
ಊರಿಗೆ ಬರುವ ಪ್ರಶ್ನೆಯನ್ನು ಎಲ್ಲರೂ ದಾಟಿ ಹೋದಿರಿ. ಸ್ಪಷ್ಟವಾಗಿ ಬರೆಯುತ್ತೇನೆ. ತರಬೇಡಿ. ಎಣ್ಣೆ, ಕ್ಯಾಪ್ಸೂಲ್, ಹೂವು ಯಾವುದನ್ನೂ ತರಬೇಡಿ. ಕೆನಡಾದ ಕಾನೂನೇ ವೈದ್ಯರ ಪತ್ರ ಇದ್ದರೂ ಗಾಂಜಾ ಪದಾರ್ಥವನ್ನು ಗಡಿ ದಾಟಿಸುವುದನ್ನು ನಿಷೇಧಿಸಿದೆ. ಭಾರತದಲ್ಲಿ ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ವಿದೇಶಿ ವೈದ್ಯರ ಚೀಟಿ ಅಲ್ಲಿ ನಿಮ್ಮನ್ನು ಕಾಪಾಡುವುದಿಲ್ಲ.

ಕಲ್ಯಾಣದ ಶರಣಪ್ಪ
ಭಂಗಿ ನಿಷಿದ್ಧವಲ್ಲ ಎಂದು ನಮ್ಮ ಹೈಕೋರ್ಟೇ ಹೇಳಿದೆಯಲ್ಲ ವಕೀಲರೇ?

ಧಾರವಾಡ ವಕೀಲ
ಅದು 2022ರಲ್ಲಿ ಒಂದು ಜಾಮೀನು ಅರ್ಜಿಯ ಆದೇಶ. ಕಾಯ್ದೆಯ ವ್ಯಾಖ್ಯೆಯಲ್ಲಿ ಚರಸ್, ಗಾಂಜಾ ಮತ್ತು ಅವುಗಳ ಮಿಶ್ರಣಗಳಿವೆ. ಗಾಂಜಾ ಎಂದರೆ ಹೂವು ಅಥವಾ ಕಾಯಿ ಬಿಟ್ಟ ತುದಿಗಳು. ತುದಿಗಳಿಲ್ಲದ ಬೀಜ ಮತ್ತು ಎಲೆ ಅದರಿಂದ ಹೊರಗೆ. ಆಯುರ್ವೇದದ ಎಲೆಯ ಔಷಧಗಳು ಪರವಾನಗಿ ಪಡೆದು ಮಾರಾಟವಾಗುವುದು ಈ ದಾರಿಯಲ್ಲೇ. ಕೆನಡಾದ ಎಣ್ಣೆ ಹೂವಿನ ಸಾರ, ಎಲೆಯ ರಿಯಾಯಿತಿ ಅದಕ್ಕೆ ಸಿಗುವುದಿಲ್ಲ.

ಯಂತ್ರವನ್ನೂ ಬಿಟ್ಟು ಬನ್ನಿ. 2019ರ ಇ-ಸಿಗರೇಟ್ ನಿಷೇಧ ಕಾಯ್ದೆಯು ನಿಕೋಟಿನ್ ಇರಲಿ ಇಲ್ಲದಿರಲಿ, ವಸ್ತುವನ್ನು ಬಿಸಿ ಮಾಡಿ ಎಳೆಯಲು ಆವಿ ಕೊಡುವ ವಿದ್ಯುತ್ ಸಾಧನಗಳನ್ನು ವ್ಯಾಪಿಸುತ್ತದೆ. ಇಲ್ಲಿನ ಔಷಧ ಕಾಯ್ದೆಯಡಿ ಪರವಾನಗಿ ಪಡೆದ ಸಾಧನಕ್ಕೆ ಮಾತ್ರ ವಿನಾಯಿತಿ. ಖಾಲಿ ಯಂತ್ರವೆಂದು ವಾದಿಸಲು ವಿಮಾನ ನಿಲ್ದಾಣ ತಕ್ಕ ಜಾಗವಲ್ಲ.

ದುಬೈ ದಿನೇಶ
ಟೊರಾಂಟೊದಿಂದ ಬೆಂಗಳೂರಿಗೆ ಬರುವವರು ಎಷ್ಟೋ ಮಂದಿ ಇಲ್ಲಿ ಅಥವಾ ದೋಹಾದಲ್ಲಿ ವಿಮಾನ ಬದಲಿಸುತ್ತಾರೆ. ಇಲ್ಲಿನ ಮಾದಕ ವಸ್ತು ಕಾಯ್ದೆ ಬಹಳ ಕಠಿಣ. ಮಗಳ ಚೀಲದಲ್ಲಿ ಅಮ್ಮನ ಔಷಧ ಸಿಕ್ಕರೂ ಬಂಧನವಾಗುವುದು ಮಗಳದೇ. ಚೀಲದ ಮೂಲೆಮೂಲೆ ಖಾಲಿ ಮಾಡಿ ಬನ್ನಿ.

ಮೆಲ್ಬರ್ನ್ ಮಲೆನಾಡು
ಕಾರು ಓಡಿಸುವವರಿಗೆ ನನ್ನದೊಂದು ಮಾತು. ಆಸ್ಟ್ರೇಲಿಯಾದ ಬಹುತೇಕ ರಾಜ್ಯಗಳಲ್ಲಿ ಪೊಲೀಸರು ಜೊಲ್ಲಿನ ಪರೀಕ್ಷೆ ಮಾಡಿ ಟಿಎಚ್‌ಸಿಯ ಸುಳಿವು ಸಿಕ್ಕರೂ ಸಾಕು, ಅಪರಾಧ. ತಾಸ್ಮೇನಿಯಾದಲ್ಲಿ ಮಾತ್ರ ಚೀಟಿ ಇದ್ದವರಿಗೆ ರಕ್ಷಣೆಯಿದೆ. ರಾತ್ರಿ ತೆಗೆದುಕೊಂಡು ಬೆಳಗ್ಗೆ ಕೆಲಸಕ್ಕೆ ಓಡಿಸುವವರು ಇದನ್ನು ತಿಳಿದೇ ವಿಧಾನ ಆರಿಸಿಕೊಳ್ಳಬೇಕು. ಬರಿ ಸಿಬಿಡಿಗೆ ಈ ಪರೀಕ್ಷೆ ಇಲ್ಲ.

ಮಿಸ್ಸಿಸಾಗಾ ಮಗಳು
ಎಲ್ಲರಿಗೂ ಕೈಮುಗಿಯುತ್ತೇನೆ. ಕ್ಯಾನ್ಸರ್ ವೈದ್ಯರ ಬಳಿ ಮಾತನಾಡಿದೆ. ವಾಕರಿಕೆಗೆ ನಬಿಲೋನ್ ಬರೆದುಕೊಟ್ಟರು, ಕೀಮೋಗೆ ಮೊದಲೇ ಕೊಡಬೇಕಂತೆ, ವಾಂತಿ ಶುರುವಾಗುವವರೆಗೆ ಕಾಯಬಾರದಂತೆ. ಅದನ್ನು ಕೊಡುವ ದಿನಗಳಲ್ಲಿ ಟಿಎಚ್‌ಸಿ ಎಣ್ಣೆ ಬೇಡ ಎಂದರು. ಉಳಿದ ದಿನಗಳಲ್ಲಿ ಪಾದದ ಉರಿಗೆ ರಾತ್ರಿ ಊಟದ ಜೊತೆ 2.5 ಮಿಲಿಗ್ರಾಂ ಕ್ಯಾಪ್ಸೂಲ್. ಅಮ್ಮನಿಗೆ ಕ್ಯಾಪ್ಸೂಲ್ ಇಷ್ಟವಾಗಿದೆ, "ಇದು ಮಾತ್ರೆಯ ಹಾಗೇ ಇದೆ, ಯಾರಿಗೂ ಹೇಳಿಕೊಳ್ಳಬೇಕಾಗಿಲ್ಲ" ಎಂದರು. ಉರಿ ಹೋಗಿಲ್ಲ, ಆದರೆ ನಿದ್ದೆ ಬರುತ್ತಿದೆ. ಊರಿಗೆ ಏನನ್ನೂ ಒಯ್ಯುವುದಿಲ್ಲ.

ಖರ್ಚು ಮಾತ್ರ ಕೈಯಿಂದಲೇ ಹೋಗುತ್ತಿದೆ. ಒಂಟಾರಿಯೊ ಆರೋಗ್ಯ ವಿಮೆ ಗಾಂಜಾಕ್ಕೆ ಹಣ ಕೊಡುವುದಿಲ್ಲ.

ಹಾಸನದ ಹುಡುಗ, ಬ್ರಾಂಪ್ಟನ್
ತೆರಿಗೆ ಲೆಕ್ಕದಲ್ಲಿ ವೈದ್ಯಕೀಯ ವೆಚ್ಚವೆಂದು ತೋರಿಸಬಹುದು ಅಕ್ಕ. ಅದಕ್ಕೆ ವೈದ್ಯರ ಪತ್ರದ ಮೇಲೆ, ಪರವಾನಗಿ ಇರುವ ವೈದ್ಯಕೀಯ ಮಾರಾಟಗಾರರಿಂದ, ಅಮ್ಮನ ಹೆಸರಿನಲ್ಲೇ ತರಿಸಿರಬೇಕು. ಬೀದಿಯ ಅಂಗಡಿಯಲ್ಲಿ ಕೊಂಡದ್ದಕ್ಕೆ ಸಿಗುವುದಿಲ್ಲ. ರಸೀದಿಗಳನ್ನು ಎತ್ತಿಡಿ.

ದಾವಣಗೆರೆ ನರ್ಸ್, ಹ್ಯಾಮಿಲ್ಟನ್
ಮನೆಯಲ್ಲಿ ಮಕ್ಕಳಿದ್ದಾರೆಯೇ?

ಮಿಸ್ಸಿಸಾಗಾ ಮಗಳು
ಇಬ್ಬರಿದ್ದಾರೆ. ಚಿಕ್ಕವನಿಗೆ 4 ವರ್ಷ.

ದಾವಣಗೆರೆ ನರ್ಸ್, ಹ್ಯಾಮಿಲ್ಟನ್
ಹಾಗಾದರೆ ಇವತ್ತೇ ಬೀಗವಿರುವ ಪೆಟ್ಟಿಗೆ ತನ್ನಿ. ಮಕ್ಕಳು ತೆರೆಯಲಾಗದ ಮುಚ್ಚಳ ಇದೆ ಎಂದು ಸುಮ್ಮನಾಗಬೇಡಿ. ಅಜ್ಜಿಯ ಕೈ ಜೋಮು ಹಿಡಿದಿರುವಾಗ ಅವರು ಮುಚ್ಚಳವನ್ನು ಅರ್ಧ ಮಾತ್ರ ತಿರುಗಿಸಿ ಇಡುತ್ತಾರೆ. ದಿನದ ಮಾತ್ರೆಗಳ ಡಬ್ಬಿಯಲ್ಲಿ ಇದನ್ನು ಬೆರೆಸಿಡಬೇಡಿ. ಮಗು ನುಂಗಿದೆ ಎಂಬ ಅನುಮಾನ ಬಂದರೂ ಲಕ್ಷಣ ಬರಲೆಂದು ಕಾಯದೆ ತಕ್ಷಣ ವಿಷ ಮಾಹಿತಿ ಕೇಂದ್ರಕ್ಕೆ ಫೋನ್ ಮಾಡಿ, ಮಗು ತೂಕಡಿಸುತ್ತಿದ್ದರೆ ನೇರವಾಗಿ ಆಂಬುಲೆನ್ಸ್ ಕರೆಸಿ, ಏನು ನುಂಗಿತು ಎಂಬುದನ್ನು ಮುಚ್ಚಿಡದೆ ಹೇಳಿ. ಕಾನೂನಿಗೆ ಹೆದರಿ ಹೇಳದ ತಂದೆತಾಯಿಯರನ್ನು ನಾನು ಕಂಡಿದ್ದೇನೆ. ಅವರು ಬಾಯಿಬಿಡುವವರೆಗೆ ವೈದ್ಯರು ಮಿದುಳಿನ ಸೋಂಕು ಹುಡುಕುತ್ತಾ ಮಗುವಿಗೆ ಬೇಡದ ಪರೀಕ್ಷೆಗಳನ್ನೆಲ್ಲ ಮಾಡುತ್ತಿರುತ್ತಾರೆ.

ಮಿಸ್ಸಿಸಾಗಾ ಮಗಳು
ಪೆಟ್ಟಿಗೆ ಸಂಜೆಯೇ ತರುತ್ತೇನೆ. ಕೀಲಿ ನನ್ನ ಹತ್ತಿರ ಇರಲೋ, ಅಮ್ಮನ ಹತ್ತಿರವೋ?

ದಾವಣಗೆರೆ ನರ್ಸ್, ಹ್ಯಾಮಿಲ್ಟನ್
ನಿಮ್ಮ ಹತ್ತಿರ ಒಂದು, ನಿಮ್ಮ ಯಜಮಾನರ ಹತ್ತಿರ ಒಂದು. ಅಮ್ಮನಿಗೆ ರಾತ್ರಿಯ ಒಂದು ಕ್ಯಾಪ್ಸೂಲನ್ನು ನೀವೇ ತೆಗೆದು ಕೊಡಿ, ಕೊಟ್ಟದ್ದನ್ನು ಪುಸ್ತಕದಲ್ಲಿ ಬರೆಯಿರಿ.